ಇಪ್ಪತ್ತೆರಡು ಅಕ್ಷರ

ಯು ಎ ಜಿ ಸಿ ಯು ಯು ಎ ಯು ಸಿ ಎ ಜಿ
ಎ ಸಿ ಯು ಜಿ ಎ ಯು ಜಿ ಯು ಯು ಜಿ ಎ.
ಇಷ್ಟೇ.
ಆದಿಪ್ರಾಸವಿಲ್ಲ, ಅಂತ್ಯಪ್ರಾಸವಿಲ್ಲ,
ಯತಿ ಎಲ್ಲಿ ಎಂದು ಕೇಳಬೇಡಿ.
ಹೆಸರೂ ಇಲ್ಲ ಪಾಪ, ಬರೀ ನಂಬರು: ಇಪ್ಪತ್ತೊಂದು.
ಇದರ ಕೆಲಸ ಹೇಳುವುದಲ್ಲ,
ಬೆಳೆದದ್ದು ಸಾಕು ಎನ್ನುವ ಜೀನಿನ
ಬಾಯಿಗೆ ಕೈ ಅಡ್ಡ ಹಿಡಿಯುವುದು.
ಕರುಳಿನ ಯಾವುದೋ ಮಡಿಕೆಯಲ್ಲಿ ಗಂಟು ಕೂತಾಗ
ಹೆಚ್ಚಿ, ತುಳುಕಿ, ರಕ್ತಕ್ಕೂ ಬರುತ್ತದಂತೆ.

ಅಂತೆ.
ಈ ಅಂತೆಯನ್ನು ಅಳೆಯುವುದೇ ನನ್ನ ಉದ್ಯೋಗ,
ಹಲ್ ಎಂಬ ಊರಿನ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ
ಎಂಟರಿಂದ ನಾಲ್ಕು.
(ಹಲ್ಲಿಗೆ ಹೋಗಿ ಕರುಳು ನೋಡ್ತೀಯಲ್ಲೇ,
ಎಂದು ಫೋನಿನಲ್ಲಿ ನಗುತ್ತಾಳೆ ತಂಗಿ.)
ಅನ್ನ ಬೆಂದಿತೋ ನೋಡಲು ಒಂದಗುಳು ಸಾಕು ನಿಜ.
ಇದು ಆ ಅಗುಳು ಹೌದೋ ಅಲ್ಲವೋ ತಿಳಿಯಲು
ನಮಗೆ ಬೇಕು ಎರಡು ಸಾವಿರ ಜನ, ಐದು ವರ್ಷ.

ನಾರ್ಮನ್ ಸ್ಟೇದರ್ಸ್, ಅರವತ್ತೊಂದು.
ಹೆಸಲ್ ರೋಡಿನಲ್ಲಿ ಮೂವತ್ತು ವರ್ಷ ಮೀನು ಸೀಳಿದ ಕೈ.
ತಪಾಸಣೆಯ ಲಕೋಟೆ ಮನೆಗೆ ಮೂರು ಸಲ ಬಂದಿದೆ,
ಮೂರೂ ಸಲ ಸಿಂಕಿನ ಕೆಳಗೆ, ಬ್ಲೀಚ್ ಬಾಟಲಿಯ ಹಿಂದೆ.
"ಅದನ್ನ ಕಡ್ಡೀಲಿ ಮೀಟಿ ಪೋಸ್ಟಿಗೆ ಹಾಕೋದೇ?
ನಮ್ಮ ಪೋಸ್ಟ್‌ಮ್ಯಾನು ನನ್ನ ಜೊತೆ ಡಾರ್ಟ್ಸ್ ಆಡ್ತಾನೆ ತಂಗಿ.
ರಕ್ತ ಬೇಕಾದರೆ ತಗೋ."
ತೋಳು ಚಾಚಿದ.
ಲಕ್ಷ ಮೀನಿನ ಕರುಳು ಕಿತ್ತವನಿಗೆ
ತನ್ನದೊಂದರ ನಾಚಿಕೆ.

ಎರಡು ಗಂಟೆಯೊಳಗೆ ತಿರುಗಿಸಬೇಕು. ತಿರುಗಿಸಿದೆ.
ಮೇಲೆ ನಿಂತ ಪ್ಲಾಸ್ಮಾ ಒಣಹುಲ್ಲಿನ ಬಣ್ಣಕ್ಕಿರಬೇಕು;
ಅವನದು ದಾಳಿಂಬೆ ತೊಳೆದ ನೀರು.
ಸೂಜಿ ಸಣ್ಣದಿತ್ತೋ, ನಾನೇ ಜೋರಾಗಿ ಎಳೆದೆನೋ,
ಕೆಂಪು ಕಣಗಳು ಒಡೆದು
ತಮ್ಮ ಒಳಮಾತನ್ನೆಲ್ಲ ಸುರಿದುಬಿಟ್ಟಿವೆ.
ಮದುವೆಮನೆಯ ಗದ್ದಲದಲ್ಲಿ ಯಾರ ಪಿಸುಮಾತು ಕೇಳಲಿ?
ನಿಯಮ: ಎಸೆ.
ಎಸೆದೆ.

ಮತ್ತೆ ಬಂದ, ಬೈಯುತ್ತ.
"ಏನು ಹೇಳ್ತದೆ ನನ್ನ ರಕ್ತ?"
ಹೇಳುವಂತಿಲ್ಲ, ಇದು ಅಧ್ಯಯನ, ತಪಾಸಣೆಯಲ್ಲ.
ಸಿಂಕಿನ ಕೆಳಗಿನದನ್ನು ಕಳಿಸಿ, ಅದು ತಪಾಸಣೆ.
"ನೀನು ಕಳಿಸಿದೆಯಾ ನಿನ್ನದು?"
ತೋಳಿನ ಪಟ್ಟಿ ಬಿಚ್ಚಿದೆ.
ಹತ್ತಿ ಒತ್ತಿ ಹಿಡಿಯಿರಿ ಎಂದೆ.

ಪ್ರತಿ ಟ್ಯೂಬಿಗೂ ಒಂದು ಹುಳುವಿನ ಪದ ಬೆರೆಸುತ್ತೇವೆ.
ಮಣ್ಣಿನ ಸಣ್ಣ ಹುಳು; ಮನುಷ್ಯರಲ್ಲಿ ಇಲ್ಲದ ಪದ.
ಹಾಕಿದ್ದೆಷ್ಟು ಗೊತ್ತು. ತೊಳೆದು, ಸೋಸಿ, ಕೊನೆಗೆ
ಉಳಿದದ್ದೆಷ್ಟು ನೋಡಿದರೆ
ದಾರಿಯಲ್ಲಿ ಚೆಲ್ಲಿಹೋದದ್ದರ ಲೆಕ್ಕ ಸಿಗುತ್ತದೆ.
ಹದಿನೇಳು ವರ್ಷವಾಯಿತು ಈ ಊರಿಗೆ ಬಂದು.
ನನ್ನೊಳಗೂ ಅಂಥದೊಂದು ಹುಳು ಹಾಕಿ ಕಳಿಸಬಹುದಿತ್ತು
ಯಾರಾದರೂ.

ಆರು ತಿಂಗಳ ಮೇಲೆ ಎಲ್ಲವನ್ನೂ ಒಟ್ಟಿಗೆ ಓದುವಾಗ
ನಾರ್ಮನ್ ಇಲ್ಲ, ಬಾರ್‌ಕೋಡುಗಳು.
ಪರದೆಯಲ್ಲಿ ಗೆರೆಗಳು ನೆಲ ಬಿಟ್ಟು ಏಳುತ್ತವೆ,
ಇಪ್ಪತ್ತೆಂಟನೆಯ ಸುತ್ತಿಗೆ, ಇಪ್ಪತ್ತೊಂಬತ್ತಕ್ಕೆ;
ಒಂದು ಮಾತ್ರ ಇಪ್ಪತ್ತೈದಕ್ಕೇ.
ಯಾರದೋ. ಹೆಸರುಗಳು ಬೇರೆ ಬೀರುವಿನಲ್ಲಿ.
ಎದ್ದರೆ ತಾನೇ ಏನು? ಉರಿಯೂತಕ್ಕೂ ಏಳುತ್ತದೆ,
ಬೇರೆ ಅಂಗದ ಗಂಟಿಗೂ ಏಳುತ್ತದೆ.
ಬೆಂಕಿ ಬೆಂಕಿ ಎಂದು ಕೂಗುವವನು,
ಯಾವ ಮನೆಗೆ ಎಂದು ಹೇಳದವನು, ಈ ಇಪ್ಪತ್ತೊಂದು.
ಅದಕ್ಕೇ ತೊಂಬತ್ತೆರಡನ್ನು ಕರೆದು ಕೇಳುತ್ತೇವೆ,
ನೂರಾ ಮೂವತ್ತೈದನ್ನು ಕೇಳುತ್ತೇವೆ,
ಪಂಚಾಯಿತಿ ಕೂಡಿಸುತ್ತೇವೆ.
ತೀರ್ಪು ಇನ್ನೂ ಬಂದಿಲ್ಲ.

ನಾಲ್ಕು ಗಂಟೆಗೇ ಕತ್ತಲು.
ಕೆನೆಬಣ್ಣದ ಫೋನ್ ಬೂತಿನ ಪಕ್ಕ ಬಸ್ಸು ಕಾದು
ಮನೆಗೆ ಬಂದರೆ ಫ್ರಿಜ್ಜಿನ ಮೇಲೆ,
ಹಳೆಯ ಬಿಲ್ಲುಗಳ ಅಡಿಯಲ್ಲಿ, ಅದು.
ಮಾರ್ಚಿಗೆ ಐವತ್ತು ತುಂಬಿದ್ದಕ್ಕೆ ಸರ್ಕಾರದ ಉಡುಗೊರೆ.

ಬಿಚ್ಚಿದೆ.
ಒಂದು ಕಡ್ಡಿ, ಒಂದು ಪುಟ್ಟ ಟ್ಯೂಬು,
ತಾರೀಕು ಬರೆಯಲು ಬೆರಳಗಲದ ಖಾಲಿ ಜಾಗ.
ಪೆನ್ನು ಹುಡುಕುತ್ತಿದ್ದೇನೆ.