ನುಂಗಿದ ಸಾಲು

ಪಾದ್ರಿ ನಮ್ಮ ದ್ವೀಪಕ್ಕೆ ಬರುವುದು ತಿಂಗಳಿಗೊಮ್ಮೆ,
ಅದೂ ಕಡಲು ಒಪ್ಪಿದರೆ.
ಉಳಿದ ಭಾನುವಾರ ಪುಸ್ತಕ ತೆರೆದು ಓದುವವನು ನಾನು, ಹನುಸ್,
ವಾರವಿಡೀ ಕುರಿಯ ಉಣ್ಣೆ ಕತ್ತರಿಸಿ
ಬೆರಳಲ್ಲಿ ಜಿಡ್ಡು ಉಳಿದವನು.
ಹುಲ್ಲು ಬೆಳೆದ ಮಾಡು, ಡಾಂಬರು ಬಳಿದ ಮರದ ಗೋಡೆ,
ಸೂರಿನಿಂದ ತೂಗುವ ಮೊಳದುದ್ದದ ಹಡಗು,
ಹನ್ನೊಂದು ಜನ.
ಫರೋ ದ್ವೀಪಗಳಲ್ಲಿ ಇಷ್ಟಕ್ಕೇ ಚರ್ಚು ಅನ್ನುತ್ತೇವೆ.

ಹದಿನಾರಕ್ಕೆ ನನ್ನನ್ನು ಮೊದಲ ಸಲ
ಬಂಡೆಯಂಚಿನಿಂದ ಇಳಿಬಿಟ್ಟರು, ಕಡಲಹಕ್ಕಿಯ ಮೊಟ್ಟೆ ತರಲು.
ಸೊಂಟಕ್ಕೆ, ತೊಡೆಗೆ ಸುತ್ತಿದ ಹಗ್ಗ.
ಮೇಲೆ, ಕಣ್ಣಿಗೆ ಕಾಣದ ಕಡೆ,
ಹುಲ್ಲಿಗೆ ಹಿಮ್ಮಡಿ ಊರಿ ಕೂತ ಏಳು ಗಂಡಸರು.
ಕೆಳಗೆ ನೂರು ಮಾರು ಗಾಳಿ,
ಅದರಡಿ ನೊರೆ.
ಕಾಲು ಬಂಡೆ ಬಿಡಲಿಲ್ಲ. ಬೆರಳು ಬಿರುಕು ಬಿಡಲಿಲ್ಲ.
ಸೋದರಮಾವ ತ್ರಾಂಡುರ್ ಮೇಲಿನಿಂದ ಕೂಗಿದ:
"ಅರ್ಧ ಭಾರ ಕೊಡಬೇಡವೋ!
ಅರ್ಧ ಬಂಡೆಗೆ, ಅರ್ಧ ಹಗ್ಗಕ್ಕೆ ಅಂದವನೇ ಸಾಯೋದು.
ಸಡಿಲ ಹಗ್ಗದಲ್ಲಿ ನಿನ್ನನ್ನ ಹಿಡಿಯೋದು ಹೇಗೆ?
ಇಡಿಯಾಗಿ ಬಾ."

ಇಡಿಯಾಗಿ ಬಂದೆ.
ಹಗ್ಗ ಬಿಗಿಯಿತು, ತೊಡೆ ಉರಿಯಿತು.
ಹೆದರಿಕೆ ಹೋಗಲಿಲ್ಲ, ಅದೂ ನನ್ನ ಜೊತೆಗೇ ತೂಗಿತು.
ಹಸಿರುನೀಲಿ ಮೊಟ್ಟೆ, ಮೈಮೇಲೆ
ಯಾರೋ ಅವಸರದಲ್ಲಿ ಗೀಚಿದ ಕಪ್ಪು ಗೀಟು,
ಅಂಗೈಯಲ್ಲಿ ಬೆಚ್ಚಗೆ.

ಮಗ ರೂನಿಯ ದೋಣಿ ಹೋದದ್ದು ಒಂದು ನವೆಂಬರಿನಲ್ಲಿ.
ಒಂದು ಹಲಗೆ ಬಂತು. ಒಂದು ಕೈಗವಸು, ಎಡಗೈಯದು.
ಹೂಳಲು ಮನಸ್ಸಾಗದೆ
ಒಲೆಯ ಮೇಲಿನ ಗೂಟಕ್ಕೆ ಒಣಹಾಕಿದ್ದೇನೆ,
ಈಗಲೂ.

ಆ ಭಾನುವಾರದಿಂದ, ತಂದೆಯ ಪ್ರಾರ್ಥನೆಯಲ್ಲಿ
ಒಂದು ಸಾಲು ನನ್ನ ಗಂಟಲು ದಾಟಲಿಲ್ಲ.
ಹೆಸರಿಗೆ ಮಹಿಮೆ ಬೇಡಿದೆ, ರಾಜ್ಯ ಬರಲಿ ಅಂದೆ,
ರೊಟ್ಟಿ ಕೇಳಲೂ ನಾಚಲಿಲ್ಲ.
ನಿನ್ನ ಚಿತ್ತ ಆಗಲಿ ಎನ್ನುವಲ್ಲಿ ಮಾತ್ರ
ತುಟಿ ಹೊಲಿದುಕೊಂಡು ಪುಟ ನೋಡುತ್ತ ನಿಂತೆ.
ಆಗಿದೆಯಲ್ಲ, ಇನ್ನೇನು ಆಗಬೇಕು?

ಹನ್ನೊಂದು ಜನ ಅದನ್ನು ಹೇಳಿದರು, ನನ್ನ ಪಾಲಿನದನ್ನೂ.
ಯಾರೂ ತಲೆ ಎತ್ತಿ ನೋಡಲಿಲ್ಲ.
ನಾಲ್ಕು ವರ್ಷ.
ಹಗ್ಗ ಹಿಡಿದವರಿಗೆ ಇಳಿಯುವವನ ಮುಖ ಕಾಣುವುದಿಲ್ಲ,
ಭಾರ ಬಂತೋ ಇಲ್ಲವೋ ಅಷ್ಟೇ ತಿಳಿಯುತ್ತದೆ.
ಬರಲಿಲ್ಲ.
ಆದರೂ ಹಿಡಿದೇ ಕೂತಿದ್ದರು.

ಈ ಫೆಬ್ರವರಿಯ ಬಿರುಗಾಳಿಯ ಭಾನುವಾರ
ಬಂದವಳು ಸುನ್ನೀವಾ ಒಬ್ಬಳು. ಎಂಬತ್ತಾರು, ಪೂರಾ ಕಿವುಡು,
ಗೋಡೆ ಗೋಡೆ ಹಿಡಿದು ಬಂದಿದ್ದಳು.
ಆದರೂ ಗಂಟೆ ಹೊಡೆದೆ.
ಓದಿದೆ. ಆ ಸಾಲಿಗೆ ಬಂದೆ. ನಿಂತೆ.
ತುಂಬುವವರು ಯಾರೂ ಇರಲಿಲ್ಲ.
ಸೂರಿನ ಹಡಗು ಅಲುಗಿ ಕಿರ್ ಅಂತು.
ಖಾಲಿ ಬೆಂಚುಗಳ ಆಚೆ ಆ ಮೌನ
ಬಂಡೆಯಂಚಿನ ಹಾಗೆ ಬಾಯಿ ತೆರೆಯಿತು.

ನಾಲ್ಕು ವರ್ಷದಿಂದ ನಾನು ಬೀಳದೆ ಉಳಿದವನಲ್ಲ,
ಇಳಿಯದೆ ಉಳಿದವನು.
ಬೆರಳು ನೋಯುತ್ತಿದೆ, ದೇವರೇ.
ಬಿರುಕು ಬಿಡುತ್ತಿದ್ದೇನೆ.
ಸಿಟ್ಟಿದೆ, ಮೇಲೆ ಇಟ್ಟು ಬರಲಾಗಲಿಲ್ಲ, ಅದನ್ನೂ ಹೊರು.
ಒಲೆಯ ಮೇಲಿನ ಕೈಗವಸನ್ನು,
ಅದರೊಳಗಿಲ್ಲದ ಕೈಯನ್ನು.
ನನ್ನಲ್ಲಿ ಒಳ್ಳೆಯದಷ್ಟನ್ನೇ ಆರಿಸಿ ಕೊಡಲು ನನಗೆ ಬರುವುದಿಲ್ಲ.
ಇಡಿಯಾಗಿ ಬರುತ್ತೇನೆ.

ಹೇಳಿದೆ.
ನನ್ನ ದನಿ ನನಗೇ ಗುರುತು ಸಿಗದಷ್ಟು ಸಣ್ಣಗಿತ್ತು.
ಬೆಳಕು ಬೀಳಲಿಲ್ಲ. ಗಾಳಿ ನಿಲ್ಲಲಿಲ್ಲ.
ತೊಡೆಯ ಹಳೇ ಕಲೆಯಲ್ಲಿ, ಹಗ್ಗ ಬಿಗಿದಾಗ ಆಗುವಂಥ
ಒಂದು ಉರಿ. ಮುದಿತನದ ನೋವೂ ಇದ್ದೀತು,
ಆಣೆ ಇಟ್ಟು ಹೇಳಲಾರೆ.

ಬಾಗಿಲಲ್ಲಿ ಸುನ್ನೀವಾ, ಶಾಲು ಬಿಗಿಯುತ್ತ,
ಕಿವುಡರ ಜೋರು ದನಿಯಲ್ಲಿ:
"ನಿನ್ನ ತುಟಿ ಮುಚ್ಚೋ ಜಾಗ ನನಗೆ ಗೊತ್ತಿತ್ತು, ಹನುಸ್.
ಕೇಳದವಳಿಗೆ ನೋಡೋದೇ ಕೆಲಸ.
ಇವತ್ತು ಮುಚ್ಚಲಿಲ್ಲ."
ಆಮೇಲೆ, "ಮೇಣದಬತ್ತಿ ಆರಿಸಿದೆಯಾ?"

ಆರಿಸಿರಲಿಲ್ಲ. ಒಳಗೆ ಹೋದೆ.