ಎರಡು ಮೊಳ

ನಲವತ್ತು ದಿನವಾಗಿತ್ತು, ಹಾಲು ಮುಟ್ಟಿರಲಿಲ್ಲ.
ಮೊಟ್ಟೆಯಿಲ್ಲ, ಬೆಣ್ಣೆಯಿಲ್ಲ,
ಮಧ್ಯಾಹ್ನ ದಾಟುವ ತನಕ ಹನಿ ನೀರೂ ಇಲ್ಲ.
ಅಂಥ ಉಪವಾಸದಲ್ಲೂ ಒಬ್ಬ ಮನುಷ್ಯನನ್ನು
ದಿನವೂ ತಿನ್ನುತ್ತಿದ್ದೆ:
ಯಿಹುನೆಯನ್ನು, ನನ್ನ ತೆಫ್ ಹೊಲದ ಪಕ್ಕದವನನ್ನು.
ಕೀರ್ತನೆ ಹೇಳುವ ಹಲ್ಲುಗಳಲ್ಲೇ
ಅವನ ಮೂಳೆ ಕಟಕಟ ಕಡಿಯುತ್ತಿದ್ದೆ.

ಗಡಿಗಲ್ಲನ್ನು ಎರಡು ಮೊಳ ಈಚೆಗೆ ಸರಿಸಿದ್ದ.
ಎರಡೇ ಮೊಳ.
ಒಂದು ಕತ್ತೆ ಅಡ್ಡ ಮಲಗಿದರೆ ಮುಗಿಯಿತು, ಅಷ್ಟು ನೆಲ.
ಆ ನೆಲದಲ್ಲಿ ಏಳು ವರ್ಷ ನಾನೂ ಬೆಳೆ ತೆಗೆದೆ,
ಏನು ಬೆಳೆದೆ ಎಂದು ಕೇಳಬೇಡಿ.

ನನ್ನ ಆತ್ಮದ ತಂದೆ ಅಬ್ಬಾ ಕಿನ್ಫೆ
ಎಲ್ಲ ಕೇಳಿಸಿಕೊಂಡರು, ಗಾಬಿ ಶಾಲು ಎಳೆದುಕೊಂಡು,
ಸ್ವಲ್ಪ ನಿದ್ದೆ ಬಂದವರ ಹಾಗೆ.
ನೂರು ಸಾಷ್ಟಾಂಗ ಹಾಕಿಸುತ್ತಾರೆ ಅಂದುಕೊಂಡೆ.
'ಕಾಡಿನ ಗೋಡೆ ಬಿದ್ದಿದೆ, ಅದ್ಮಾಸು,
ಹೋಗಿ ಕಟ್ಟು' ಅಂದರು.

ನಮ್ಮ ಗೊಂದರಿನ ಗುಡ್ಡಗಳೆಲ್ಲ ಬೋಳು.
ದೇವಾಲಯದ ಸುತ್ತ ಮಾತ್ರ ಕಾಡು:
ಜುನಿಪರ್, ಕಾಡು ಆಲಿವ್, ಬಾಲದ ಬಿಳಿಗೊಂಡೆ ಬೀಸುವ ಕೋತಿಗಳು.
ನಡುವೆ ದುಂಡನೆಯ ಗುಡಿ, ತಗಡಿನ ಮಾಡು.
ಹಸು ಮೇಕೆ ನುಗ್ಗದಂತೆ ಸುತ್ತಲೂ
ಗಾರೆಯಿಲ್ಲದ ಕಲ್ಲುಗೋಡೆ.

ಬಿದ್ದ ಜಾಗದಲ್ಲಿ ಕೂತು ನೋಡಿದೆ.
ಮೇಕೆ ಗೋಡೆ ಒಡೆಯುವುದಿಲ್ಲ.
ಮಳೆಗಾಲದಲ್ಲಿ ಒಂದು ಕಲ್ಲು ಉರುಳಿರುತ್ತದೆ,
ಅಂಗೈಯಷ್ಟು ದೊಡ್ಡದು,
ಹೋಗುವವರು ಬರುವವರು ದಾಟಿ ನಡೆದಿರುತ್ತಾರೆ.
ನಾನೂ ದಾಟಿದ್ದೆ.
ಆಮೇಲೆ ಮೇಕೆ ಬರೀ ಮೂತಿ ಇಡುತ್ತದೆ,
ವಾಸನೆ ನೋಡುತ್ತದೆ.
ಮೂತಿ ಹೋದಲ್ಲಿ ಕೊಂಬು, ಕೊಂಬು ಹೋದಲ್ಲಿ ಹೊಟ್ಟೆ.
ಒಳಗೆ ಗೇಣುದ್ದದ ಸಸಿಗಳು ಹನ್ನೆರಡು,
ಹನ್ನೊಂದರ ತಲೆ ಇರಲಿಲ್ಲ.

ಮೂರನೆಯ ದಿನ ಬುಡಕ್ಕೆ ಒಂದು ದೊಡ್ಡ ಕಲ್ಲು ಬೇಕಾಯಿತು.
ಸಿಕ್ಕಿತು. ಎತ್ತಲಾಗಲಿಲ್ಲ.
ಅರವತ್ತಮೂರು ವಯಸ್ಸು, ಖಾಲಿ ಹೊಟ್ಟೆ.
ಅದೇ ಹೊತ್ತಿಗೆ ಹಿಟ್ಟಿನ ಗಿರಣಿಗೆ ಕತ್ತೆ ಹೊಡೆದುಕೊಂಡು
ಯಾರು ಬರಬೇಕು?
ಅವನೇ.
ಕಣ್ಣು ತಗ್ಗಿಸಿ ಕಲ್ಲನ್ನೇ ನೋಡಿದೆ.
ಅವನು ನಿಂತ. ಕೋಲು ಕೆಳಗಿಟ್ಟ.
ಬಂದು ಆಚೆ ತುದಿ ಹಿಡಿದ.

ಕಲ್ಲು ಮೇಲೆದ್ದಿತು, ಇಬ್ಬರ ಉಸಿರೂ ಒಂದೇ ಬಿಸಿ,
ಒಂದೇ ಉಪವಾಸದ ಹುಳಿ ವಾಸನೆ.
ಆಗ ನೆನಪಾಯಿತು ಎಂದರೆ ಸುಳ್ಳು.
ಮರೆತದ್ದು ಯಾವಾಗ?
ಆ ಗಡಿಗಲ್ಲನ್ನು ನನ್ನಪ್ಪ
ಒಂದು ರಾತ್ರಿ ಆಚೆಗೆ ತಳ್ಳಿದ್ದ.
ಲಾಟೀನು ಹಿಡಿದವನು ನಾನು,
ಒಂಬತ್ತು ವರ್ಷದವನು.
ಎಷ್ಟು ಮೊಳ ಅಂತ ಅಳೆದಿರಲಿಲ್ಲ.
ಇದನ್ನು ಅಬ್ಬಾಗೂ ಹೇಳಿರಲಿಲ್ಲ,
ಪ್ರತಿ ವರ್ಷ ಎಲ್ಲ ಪಾಪ ಹೇಳಿದ್ದೆ, ಇದೊಂದು ಬಿಟ್ಟು.

'ಯಿಹುನೆ, ಆ ಲಾಟೀನು ನಾನು ಹಿಡಿದಿದ್ದೆ' ಅಂದೆ.
ಅವನಿಗೆ ಅರ್ಥವಾಯಿತೋ ಇಲ್ಲವೋ.
'ಬೆರಳು ಜೋಪಾನ' ಅಂದ,
ಕಲ್ಲು ಕೂರಿಸಿದ, ಹೋದ.

ಅಂದೇ ಹಗುರಾದೆ ಅನ್ನಲಾರೆ.
ರಾತ್ರಿ ಮತ್ತೆ ಬಂತು ಆ ಮೇಕೆ,
ಹಳದಿ ಕಣ್ಣು, ಒದ್ದೆ ಮೂತಿ:
'ಆದರೂ ಏಳು ವರ್ಷ, ಅದ್ಮಾಸು,
ಆದರೂ ಎರಡು ಮೊಳ...'
ಎದ್ದು ಕೂತೆ. ಕತ್ತಲಲ್ಲೇ
'ಕರ್ತನೇ, ಕರುಣಿಸು' ಅಂದೆ, ಒಂದು ಕಲ್ಲಿಟ್ಟಂತೆ.
ಇನ್ನೊಮ್ಮೆ ಅಂದೆ. ಹೋಗಲಿಲ್ಲ.
ಹನ್ನೆರಡು ಸಲ ಅಂದೆ.
ಎಷ್ಟನೆಯದಕ್ಕೆ ನಿದ್ದೆ ಬಂತೋ ಗೊತ್ತಿಲ್ಲ.

ಪಾಸ್ಕ ಮುಗಿದು ಮಳೆ ಬಂದಿದೆ ಈಗ.
ಉಳಿದ ಒಂದು ಜುನಿಪರ್ ಗೇಣು ದಾಟಿದೆ,
ಅದರ ನೆರಳಲ್ಲಿ ನಾನಂತೂ ಕೂರುವುದಿಲ್ಲ.
ಗಡಿಗಲ್ಲು ಇದ್ದಲ್ಲೇ ಇದೆ.
ಬೆಳಿಗ್ಗೆ ಪ್ರಾರ್ಥನೆಗೆ ಹೋಗುವಾಗ
ಗೋಡೆಯುದ್ದಕ್ಕೂ ನಡೆಯುತ್ತೇನೆ, ನಿಧಾನ,
ಉರುಳಿದ ಸಣ್ಣ ಕಲ್ಲು ಕಂಡರೆ
ಬಗ್ಗುತ್ತೇನೆ.