ಬಾಡಿಗಿ ಬಣ್ಣ

ಖರೇ ಹವಳೋ ಕಾಜೋ ಅಂತ
ಉಗುರು ಹಾಯಿಸಿ ಹೇಳಾಕಿ ನಾನು.
ಕಾಜು ಜಾರತೈತಿ.
ಹವಳದ ಮೈಮ್ಯಾಲ ಕೂದಲೆಳಿಯಂಥ ಗೆರಿ,
ಒಂದೀಟು ತಡೀತೈತಿ,
ಮಾತಾಡಾಕ ಮನಸಿಲ್ಲದವರ ಹಂಗ.

ಮೇ ತಿಂಗಳು. ಹಳೇ ಬಾಗಲಕೋಟಿ.
ಪಟವೇಗಾರ ಓಣ್ಯಾಗ ನಾಯಿ ಸೈತ ಗಟಾರದಾಗ ಮಲಗಿದ್ವು.
ಹರಿದ ಸರ ಕರವಸ್ತ್ರದಾಗ ಕಟಗೊಂಡು
ಒಂದು ಹುಡುಗಿ ಬಂದ್ಳು, ದಾನೇಶ್ವರಿ ಅಂತ.
ಅವರಮ್ಮನ ತಾಯಿ ಹಾಕ್ಕೊಂಡಿದ್ದ ಸರ,
ಇಪ್ಪತ್ತೊಂದು ಹವಳ, ಎರಡು ಕಳದಿದ್ವು.

ಚೀಲ ಕೆಳಗಿಟ್ರ ಧಪ್ ಅಂತು.
ಒಳಗ ಲೋಕಾಪುರದ ಕಲ್ಲು,
ಉಳ್ಳಾಗಡ್ಡಿ ಕೊಯ್ದಂಗ ಸುತ್ತಿನ ಮ್ಯಾಲ ಸುತ್ತು.
'ಇವು ಜೀವ ಇದ್ದವು ಅಜ್ಜಿ. ಇಲ್ಲೆ ಸಮುದ್ರ ಇತ್ತು,
ಸಣ್ಣ ನೀರು, ಬೆಚ್ಚಗ.'
ನಾ ನಕ್ಕೆ.
ಕಿಲ್ಲಾದಾಗಿನ ನಮ್ಮ ಮನಿ ಹಿನ್ನೀರಿನ ಬುಡಕ ಐತಿ,
ನೀರು ಊರಿಗೆ ಬರೂದು ನನಗ ಯಾರು ಹೇಳಬೇಕು?

ಸೂಜಿಗೆ ದಾರ ಹಾಕೂತನಕ ಆಕಿ ಹೇಳಿದ್ಳು:
ಅಬುಧಾಬಿ ಕಡೆ ಒಂದು ಸಮುದ್ರ,
ಬ್ಯಾಸಗಿಗೆ ಮೂವತ್ತಾರು ಡಿಗ್ರಿ,
ಕೂಸಿಗೆ ಎರೆಯೋ ನೀರಿನಷ್ಟು.
ಅದರಾಗೂ ಹವಳದ ದಿಬ್ಬ ಬದುಕ್ಯಾವ.

'ನಿಮ್ಮ ಕೈಯಾಗಿನ ಕೆಂಪು ಅದರ ಎಲಬಿನ ಕೆಂಪು.
ದಿಬ್ಬ ಕಟ್ಟೂ ಹವಳದ್ದು ಹಂಗಲ್ಲ, ಬಣ್ಣ ಬಹಳಷ್ಟು ಬಾಡಿಗಿದಾರಂದು.
ಒಳಗ ಒಂದು ಪಾಚಿ ಇರತೈತಿ, ಕಣ್ಣಿಗೆ ಕಾಣದಷ್ಟು ಸಣ್ಣದು.
ಬಿಸಲುಂಡು ಸಕ್ಕರಿ ಮಾಡತೈತಿ,
ಬಾಡಿಗಿ ಸಕ್ಕರೀಲೇ ಕೊಡತೈತಿ.
ಕಾವು ಮಿತಿ ಮೀರಿದ್ರ ಅದರ ತಲಿ ಕೆಡತೈತಿ,
ಸಕ್ಕರಿ ಮಾಡೂ ಜಾಗಾದಾಗ ವಿಷ.
ಆಮ್ಯಾಲ ಹೊರಗ ಬೀಳತೈತಿ.
ಮನಿ ಬೆಳ್ಳಗ ನಿಲ್ಲತೈತಿ, ಉಪಾಸ.'

'ಬೀಳತೈತೋ, ಹಾಕತಾರೋ?' ಅಂದೆ.
'ಹವಳ ತಾನ ಹಾಕತೈತಿ ಅಜ್ಜಿ.'

ದಾರ ಸೂಜಿ ಕಣ್ಣು ತಪ್ಪಿತು.

ಹಿತ್ತಲ ಖೋಲ್ಯಾಗ ಲಾಡಸಾಬ ನೀಲಗಾರ ಇದ್ದ,
ಹದಿನೇಳು ವರ್ಷ.
ಮೊಣಕೈತನಕ ನೀಲಿ. ಅವನ ಊಟದ ತಾಟಿಗೂ ನೀಲಿ ಬಟ್ಟಿನ ಗುರುತು.
ರೊಕ್ಕ ಇಲ್ಲದ ತಿಂಗಳ ಬಾಡಿಗಿ
ರೇಶಿಮಿ ದಾರದಾಗ ತೀರಿಸಾಂವ.
ಊರಾಗ ನನ್ನ ಕುಚ್ಚಿನ ಬಣ್ಣ ಅಂತ ಹೆಸರಾತಲ್ಲ,
ಅದು ಅವಂದು.

ಮುಳುಗಡಿ ಸರ್ವೇದವರು ಬಂದ ದಿನ
'ಬಾಡಿಗಿದಾರ ಯಾರರೆ ಅದಾರೇನು?' ಅಂತ ಕೇಳಿದ್ರು.
ಪರಿಹಾರ ಪಾಲಾಗತೈತಿ ಅಂತ ಯಾರೋ ಅಂದಿದ್ರು,
ಖರೇನೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ.
'ಯಾರೂ ಇಲ್ರಿ' ಅಂದೆ.
ಬಾಗಲದಾಗ ಅಂವ ನಿಂತಿದ್ದ,
ಎರಡೂ ಕೈ ಬೆನ್ನಿನ ಹಿಂದ.

ಸಂಜೀಕ ಹಂಡೇದಾಗಿನ ಬಣ್ಣ ಮೋರಿಗೆ ಸುರಿವಿದ.
ಓಣಿ ಉದ್ದಕ್ಕೂ ನೀಲಿ ಹರೀತು.
ಆಮ್ಯಾಲ ನಾನೂ ಗ್ವಾಡಿಗೆ ಸುಣ್ಣಾ ಹಚ್ಚಿಸಿದೆ,
ಮುಳುಗೂ ಮನಿಗೆ ಯಾಕ ಹಚ್ಚಿಸಿದ್ನೋ.

'ಆ ಬಿಸಿ ಸಮುದ್ರದಾಗಿನವು ಹೆಂಗ ಉಳದ್ವು?'
'ಬ್ಯಾರೆ ಪಾಚಿ ಇಟಗೊಂಡಾವ ಅಜ್ಜಿ.
ಸಕ್ಕರಿ ಕಡಿಮಿ ಕೊಟ್ಟೀತು, ಕಾವು ತಡೀತೈತಿ.
ಅದು ಮೊದಲಿಂದ ಎಲ್ಲೋ ಮೂಲ್ಯಾಗ ನಾಕು ಕಾಳು ಇತ್ತೋ ಏನೋ,
ಯಾರೂ ಎಣಿಸಿದ್ದಿಲ್ಲ.'
'ಇನ್ನೂ ಬಿಸಿಯಾದ್ರ?'
ಹುಡುಗಿ ಕಲ್ಲಿನ ಸುತ್ತಿನ ಮ್ಯಾಲ ಬೆರಳಾಡಿಸಿದ್ಳು.
'ಒಂದು ಡಿಗ್ರಿ ತಡದಾವು. ಒಂದೂವರಿ.
ಅವೂ ಒಮ್ಮೊಮ್ಮೆ ಬೆಳ್ಳಗಾಗ್ಯಾವ.'

ಹತ್ತೊಂಬತ್ತು ಹವಳ, ನಡುವ ಎರಡು ಗಂಟು,
ಕಳದದ್ದರ ಜಾಗಾ ಕಾಣಲಿ ಅಂತ ಹಂಗೇ ಬಿಟ್ಟೆ.
ಡಬ್ಬಿ ತಳದಾಗ ಒಂದು ಲಡಿ ನೀಲಿ ಉಳದಿತ್ತು,
ಕುಚ್ಚು ಅದರಾಗ ಕಟ್ಟಿದೆ.
'ಕೆಂಪಿಗೆ ನೀಲಿ ಒಪ್ಪತೈತೇನ ಅಜ್ಜಿ?'
'ಹಾಕ್ಕೊಂಡು ನೋಡವಾ.'

ಈಗ ಹಿನ್ನೀರು ಇಳದೈತಿ.
ಕಿಲ್ಲಾ ಓಣಿ ಕಟ್ಟಿ, ಹೊಸ್ತಿಲು, ಬೀಸೂಕಲ್ಲು
ಒಂದೊಂದ ಮ್ಯಾಲ ಬರಾಕತ್ಯಾವಂತ.
ಅವನು ನೂಲು ಒಗೆಯೋ ಹಾಸಗಲ್ಲು ಅಲ್ಲೆ ಇರಬೇಕು.
ನೀಲಿ ಹತ್ತಿದ್ದು ಇಷ್ಟು ನೀರಾಗ ಉಳದೀತೋ ಇಲ್ಲೋ.
ಹೋಗಿ ನೋಡಿಲ್ಲ.